ಮೂರು ನಿಮಿಷಕ್ಕೆ ಒಂದು ಕಡ್ಡಿ

ಆಗ ನನಗೆ ಹನ್ನೊಂದು ವರ್ಷ; ಎಣಿಸುವ ಹುಚ್ಚು. ಶಾಲೆಗೆ ಯಾರು ಬಂದರು, ಎಷ್ಟು ದಿನ ಮಳೆ ಬಿತ್ತು, ಎಲ್ಲಕ್ಕೂ ದಿನಚರಿಯಲ್ಲಿ ತಾರೀಖು ಹಾಕಿ ಗೀಟು ಎಳೆಯುತ್ತಿದ್ದೆ. ಆ ಜುಲೈ ತಿಂಗಳ ಪುಟಗಳಲ್ಲಿ ಈಗಲೂ ಹೊಗೆಸೊಪ್ಪಿನ ಅಂಟು ಬೆರಳ ಗುರುತುಗಳಿವೆ. ಅವು ಜಯಾಳವು.

ಜಯಾ ಕಾಡಂಚಿನ ಹಾಡಿಯ ಹುಡುಗಿ, ನನ್ನ ಪಕ್ಕದಲ್ಲೇ ಕೂರುವವಳು. ಹಿಂದಿನ ವರ್ಷ ಅವ್ವನ ಜೊತೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಸೊಪ್ಪು ಕಟ್ಟಿ, ಅದರ ಘಾಟಿಗೆ ವಾಂತಿ ಮಾಡಿಕೊಂಡು, ಎರಡು ತಿಂಗಳು ಶಾಲೆ ತಪ್ಪಿಸಿದ್ದಳು. ಈ ವರ್ಷ ಭಾನುವಾರ ಮಾತ್ರ ಕೆಲಸಕ್ಕೆ ಎಂದು ಅವ್ವ ಮಾತು ಕೊಟ್ಟಿದ್ದಳು.

ಶನಿವಾರಗಳಂದು ಪೇಟೆಯಿಂದ ಒಬ್ಬ ಅಕ್ಕ ಬಂದು ನಮಗೆ ನಾಟಕ ಕಲಿಸುತ್ತಿದ್ದರು. ಮಕ್ಕಳನ್ನು ದುಡಿಯಲು ಕಳಿಸಬೇಡಿ ಎನ್ನುವ ನಾಟಕ. ಸೊಪ್ಪು ಕಟ್ಟುವ ಹುಡುಗಿಯ ಪಾತ್ರ ಜಯಾಳದು. ಲಂಗದ ಮಡಿಲಿನಿಂದ ಸುಟ್ಟ ಹಲಸಿನ ಬೀಜ ತೆಗೆದು ನಮಗೆಲ್ಲ ಹಂಚಿ, ಅಭ್ಯಾಸಕ್ಕೆ ಕೂರುತ್ತಿದ್ದಳು. ಹೊಗೆಸೊಪ್ಪಿನ ಬದಲು ಮೂರು ಮೂರು ತೇಗದ ಎಲೆ ಜೋಡಿಸಿ, ದಾರ ಸುತ್ತಿ, ಉದ್ದನೆಯ ಕಡ್ಡಿ ತುಂಬುವವರೆಗೆ ಆಚೆಗೊಮ್ಮೆ ಈಚೆಗೊಮ್ಮೆ ಕಟ್ಟುವಳು.

"ಇಷ್ಟು ಬಿರ್ರನೆ ಕಟ್ಟಿದ್ರೆ ಯಾರ್ಗೂ ಕಾಣಕಿಲ್ಲ ಕಣೇ," ಎಂದೆ.

"ನೀ ಕೂಗಿ ಎಣಿಸು ಲೇ. ಎಣಿಸೋದೇ ಅಲ್ವಾ ನಿನ್ ಕಸುಬು!" ಎಂದು ನಕ್ಕಳು.

ಹಾಗೆ ನನಗೊಂದು ಪಾತ್ರ ಸಿಕ್ಕಿತು. ನಾಟಕದ ಸಂಜೆ ಹಾಲಿನ ಡೇರಿಯ ಮುಂದೆ ಊರೆಲ್ಲ ಕೂತಿತ್ತು. ಜನ ಮರುಗಲಿ ಎಂದು ಗಂಟಲು ಹರಿಯುವಂತೆ ಕೂಗಿದೆ: "ಮೂರು ನಿಮಿಷಕ್ಕೆ ಒಂದು ಕಡ್ಡಿ!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಬ್ಯಾರನ್ನಿನ ಯಜಮಾನರು. ಎದ್ದು ನೇರ ಜಯಾಳ ಅವ್ವನ ಹತ್ತಿರ ಹೋದರು.

"ಏನವ್ವಾ, ಇಂಥಾ ಕೈ ವಾರವೆಲ್ಲ ಮನೇಲಿ ಮಡಿಕ್ಕಂಡು ಒಬ್ಳೇ ಬತ್ತೀಯಲ್ಲ! ನಾಳಿಂದ ದಿನಾ ಮಗೀನೂ ಕರ್ಕಂಡು ಬಾ."

"ಬುದ್ಧಿ, ಅದು ಇಸ್ಕೂಲಿಗೆ..."

"ಅಂಗಾರೆ ನೀನೂ ಬರಬ್ಯಾಡ ಬುಡು."

ನಾಟಕದ ಅಕ್ಕ ಅಡ್ಡ ಬಂದು ಗಟ್ಟಿಯಾಗಿಯೇ ಮಾತಾಡಿದರು. ಯಜಮಾನರು ಬೈಕ್ ಹತ್ತಿ ಹೊರಟುಹೋದರು. ಅವ್ವ ತಲೆ ಎತ್ತದೆ ಅಂದಳು: "ನೀವು ಶನಿವಾರ ಬತ್ತೀರಿ ಕಣಮ್ಮ. ಮಿಕ್ಕ ದಿನ ನಮ್ಗೆ ಯಾರವ್ರೆ?"

ಜಯಾ ನೆಲದಲ್ಲಿ ಕೂತು ದಾರವನ್ನು ಉಂಡೆಗೆ ಸುತ್ತುತ್ತಿದ್ದಳು. ಕೋಪವಿಲ್ಲದೆ ನನ್ನನ್ನು ಕೇಳಿದಳು: "ವಸಿ ಮೆಲ್ಲಗೆ ಎಣಿಸ್ಬಾರ್ದಿತ್ತಾ?"

ಸೊಪ್ಪಿನ ಕೆಲಸ ಮುಗಿಯಿತು, ಅವಳು ಶಾಲೆಗೆ ಬರಲಿಲ್ಲ. ಆಮೇಲೆ ಅವ್ವ ಮಗಳು ಕೊಡಗಿಗೆ ಕಾಫಿ ಕೊಯ್ಲಿಗೆ ಹೋದರು. ಅದೂ ಮುಗಿಯಿತು. ನಾಟಕವನ್ನು ನಾವು ಮತ್ತೆ ಆಡಲಿಲ್ಲ.

ಈಗ ನಾನು ಕಾಲೇಜಿನಲ್ಲಿದ್ದೇನೆ. ದಿನಚರಿ ಬಿಟ್ಟಿಲ್ಲ, ಆದರೆ ಬಾಯಿಬಿಟ್ಟು ಏನನ್ನೂ ಎಣಿಸುವುದಿಲ್ಲ. ಹಳೆಯ ಪುಸ್ತಕದಲ್ಲಿ ಜಯಾಳ ಹೆಸರಿನ ಮುಂದೆ ನಲವತ್ತೊಂದು ಗೀಟುಗಳಿವೆ, ಶಾಲೆಗೆ ಬಂದ ದಿನಕ್ಕೊಂದು. ಅವಳ ಆರನೇ ತರಗತಿ ಅಷ್ಟೇ.