ಟ್ಯಾಕ್ಸಿನ ಸಲುವಾಗಿ ಬರೆದ ಸೋಡಚೀಟಿ

ರಬಕವಿಯ ಮಹಾಲಿಂಗಪ್ಪನಿಗೆ ಹನ್ನೆರಡು ಕೈಮಗ್ಗಗಳಿದ್ದವು. ಅವನ ಹೆಂಡತಿ ಸುಂದರವ್ವ ನೂಲು ಸುತ್ತಿಸುವುದರಿಂದ ಸೀರೆ ಮಡಿಸುವವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಮದುವೆಯಾಗಿ ಹದಿನಾಲ್ಕು ವರ್ಷ. ಮಕ್ಕಳಿರಲಿಲ್ಲ.

೧೯೫೪ರಲ್ಲಿ, ರಬಕವಿ ಇನ್ನೂ ಮುಂಬೈ ರಾಜ್ಯದಲ್ಲಿದ್ದಾಗ, ಅವನಿಗೆ ಇನ್‌ಕಮ್ ಟ್ಯಾಕ್ಸ್ ಬಹಳ ಬಂತು. ಆರು ಮಗ್ಗಗಳನ್ನು ಹೆಂಡತಿಯ ಹೆಸರಿಗೆ ಮಾಡಲೇ ಎಂದು ಜಮಖಂಡಿಯ ವಕೀಲರನ್ನು ಕೇಳಿದ. ಗಂಡ ಕೊಟ್ಟ ಆಸ್ತಿಯ ಉತ್ಪನ್ನ ಗಂಡನ ಲೆಕ್ಕಕ್ಕೇ ಸೇರುತ್ತದೆ, ಸೋಡಚೀಟಿ, ಅಂದರೆ ವಿಚ್ಛೇದನದ ಕಾಗದ, ಆಗಿ ಬೇರೆಯಾದವಳಿಗೆ ಕೊಟ್ಟರೆ ಮಾತ್ರ ಸೇರುವುದಿಲ್ಲ ಎಂದು ಅವರು ಹೇಳಿದರು.

ಮಹಾಲಿಂಗಪ್ಪ ಮನೆಗೆ ಬಂದು ಹೆಂಡತಿಗೆ ಹೇಳಿದ: "ಬರೇ ಕಾಗದ. ಟ್ಯಾಕ್ಸಿನ ಸಾಹೇಬರು ಬಂದು ನೋಡಿ ಹೋಗೂ ತನಕ ಬನಹಟ್ಟಿಯೊಳಗ ನಿಮ್ಮವ್ವನ ಕಡೆ ಇರು. ಆಮ್ಯಾಲ ನಾನ ಬಂದು ಕರಕೊಂಡು ಬರ್ತೀನಿ."

ಹಿರಿಯರ ಮುಂದೆ ಬರೆದ ಸೋಡಚೀಟಿಗೆ ಸುಂದರವ್ವ ಹೆಬ್ಬೆಟ್ಟು ಒತ್ತಿದಳು. ಆರು ಮಗ್ಗಗಳನ್ನು ಬಿಚ್ಚಿ, ಗಾಡಿಯಲ್ಲಿ ಹೇರಿ ಬನಹಟ್ಟಿಗೆ ತಂದರು.

"ಎಂಥಾ ಖೋಡಿ ಅದೀಬೇ! ಟ್ಯಾಕ್ಸ ಉಳಸಾಕ ಯಾರರ ಗಂಡನ್ನ ಬಿಡ್ತಾರೇನ?" ಎಂದು ತಾಯಿ ರುಕ್ಮವ್ವ ಬೈದಳು.

"ಬಿಟ್ಟಿಲ್ಲ ತಗೋ ಯವ್ವಾ, ಬರದೇನಷ್ಟ" ಎಂದು ಸುಂದರವ್ವ ನಕ್ಕಳು.

ದೀಪಾವಳಿಗೆ ಬಂದವಳು ಯುಗಾದಿಯವರೆಗೂ ಅಲ್ಲಿಯೇ ಇದ್ದಳು. ಅಷ್ಟರಲ್ಲಿ, ಮುಧೋಳದಲ್ಲಿ ಮಹಾಲಿಂಗಪ್ಪನಿಗೆ ಹೆಣ್ಣು ನಿಶ್ಚಯವಾಗಿದೆ ಎಂಬ ಸುದ್ದಿ ಬಂತು. ಸಾಹೇಬರು ಬರುವ ಹಿಂದಿನ ಸಂಜೆ ಅವನೇ ಬಂದ.

"ನಾಳೆ ಕೇಳಿದ್ರ, ದೀಪಾವಳಿಯಿಂದ ಬ್ಯಾರೆ ಅದೀನಿ ಅನ್ನು."

"ಮುಧೋಳದ ಸುದ್ದಿ ಖರೆ ಏನ್ರಿ?"

ಅವನು ಮಗ್ಗದ ಕಡೆ ನೋಡಿದ. "ಮನಿಗೊಂದು ಕೂಸು ಬೇಕಲ್ಲ. ಮುಂಬೈ ಸರಕಾರದ ಕಾಯ್ದೆದಾಗ ಒಬ್ಬಾಕಿ ಇರೂಮುಂದ ಇನ್ನೊಬ್ಬಾಕೀನ ಮಾಡ್ಕೊಳ್ಳಾಕ ಬರೂದಿಲ್ಲ. ಹೆಂಗೂ ಕಾಗದ ಆಗೇತಿ."

ಅವಳು ತಂದಿಟ್ಟ ನೀರು ಕುಡಿದು ಹೋದ.

ಮರುದಿನ ಮಹಾಲಿಂಗಪ್ಪನ ಜೊತೆ ಬನಹಟ್ಟಿಗೆ ಬಂದ ಸಾಹೇಬರು ಸುಂದರವ್ವನನ್ನು ಕೇಳಿದರು: "ಯಾವಾಗಿನಿಂದ ಬೇರೆ ಇದ್ದೀಯವ್ವಾ?"

"ದೀಪಾವಳಿಯಿಂದರಿ" ಎಂದು ಮಹಾಲಿಂಗಪ್ಪ ನಡುವೆ ಬಾಯಿ ಹಾಕಿದ.

"ಅಲ್ಲರಿ" ಎಂದಳು ಸುಂದರವ್ವ. "ದೀಪಾವಳಿಯಿಂದ ಇವರು ಕುಂಡರು ಅಂದಲ್ಲಿ ಕುಂತಿದ್ದೆ. ಬ್ಯಾರೆ ಆಗಿದ್ದು ನಿನ್ನೆ ಸಂಜಿಕರಿ."

ಸಾಹೇಬರು ಅದನ್ನು ಬರೆದುಕೊಂಡು, ಗಂಡನ ಹೆಸರು ಕೇಳಿದರು. ಗಂಡನ ಹೆಸರನ್ನು ಹೆಂಡತಿ ಹೇಳುವ ಪದ್ಧತಿಯಿಲ್ಲ. ಅದಕ್ಕೆ ರುಕ್ಮವ್ವ ತಾನೇ ಹೇಳಲು ಹೋದಳು. ಅಷ್ಟರಲ್ಲಿ ಸುಂದರವ್ವ ಹೇಳಿಬಿಟ್ಟಳು: "ಮಹಾಲಿಂಗಪ್ಪ."

ಹದಿನಾಲ್ಕು ವರ್ಷಗಳಲ್ಲಿ ಅದೇ ಮೊದಲ ಸಲ. ಅವನು ತಲೆ ಎತ್ತಿ ಅವಳನ್ನು ನೋಡಿದ.

ಆ ವರ್ಷ ಹನ್ನೆರಡೂ ಮಗ್ಗಗಳ ಟ್ಯಾಕ್ಸ್ ಅವನ ಮೇಲೆಯೇ ಬಿತ್ತು. ಮುಧೋಳದ ಲಗ್ನವೂ ಆಯಿತು. ಸುಂದರವ್ವ ಬನಹಟ್ಟಿಯಲ್ಲಿ ಆರು ಮಗ್ಗಗಳನ್ನು ನಡೆಸಿದಳು. ಕಾಲುಂಗುರ ತೆಗೆಯಲು ಮಾತ್ರ ಅವಳಿಗೆ ಬಹಳ ದಿನ ಹಿಡಿಯಿತು.