ಮನೆ ಮಾತಿಗೆ ಬಂದ ಪದ್ಯ

ಆಗೆಲ್ಲ ನಮ್ಮೂರ ಶಾಲೆಯಲ್ಲಿ ಪದ್ಯ ಅಂದರೆ ಬಾಯಿಪಾಠ. ಅರ್ಥ ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ. ಗಂಟಲು ಗಟ್ಟಿಯಿದ್ದವರೇ ಜಾಣರು. ನನ್ನ ಗಂಟಲು ನೊಣವಿನಕೆರೆ ಬಸ್ಸಿನ ಹಾರನ್ನಿಗಿಂತ ಜೋರು ಅಂತ ಅಪ್ಪನೇ ರೇಗಿಸುತ್ತಿದ್ದರು. ಹಾಗಾಗಿ ಏಳನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ ಹದಿನೈದಕ್ಕೆ ದೇಶಭಕ್ತಿ ಪದ್ಯ ಹೇಳುವ ಪಾಳಿ ನನಗೇ ಬಂತು.

ಇನ್ನೊಂದು ಕಾರಣವೂ ಇತ್ತು. ದೊಡ್ಡವ್ವನ ಒಬ್ಬನೇ ಮಗ, ನಮ್ಮ ಶಿವಣ್ಣ, ಮಿಲಿಟರಿಯಲ್ಲಿದ್ದ. ಆ ಬೇಸಿಗೆಯಲ್ಲಿ ಗಡಿಯಲ್ಲಿ ತೀರಿಹೋದ. ಬಾವುಟ ಹೊದಿಸಿದ ಪೆಟ್ಟಿಗೆ ಬಂತು, ತೆಂಗಿನ ತೋಟದಲ್ಲೇ ಮಣ್ಣು ಮಾಡಿದರು. ದೊಡ್ಡವ್ವ ಅಳಲಿಲ್ಲ. ಊರ ಹೆಂಗಸರು ಅವಳ ಕೊರಳು ತಬ್ಬಿ, ಹಾಡಿಕೊಂಡು ಅತ್ತರು. ಅಳಿಸಲೇಬೇಕು, ಇಲ್ಲದಿದ್ದರೆ ಎದೆಯಲ್ಲಿ ಕಟ್ಟಿಕೊಳ್ಳುತ್ತದೆ ಅಂತ ಶಿವಣ್ಣನ ಅಂಗಿ ತಂದು ಅವಳ ಮಡಿಲಿಗಿಟ್ಟರು. ಅವಳು ಅದನ್ನು ನೀಟಾಗಿ ಮಡಿಸಿ ಪಕ್ಕಕ್ಕಿಟ್ಟಳು. ನಾನೂ ಅಳಲಿಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು, ಹಸಿವು ಮಾತ್ರ ಆಗುತ್ತಿತ್ತು.

ಮೊದಮೊದಲು ಕಲ್ಲೆದೆಯವಳು ಅಂತ ಗುಸುಗುಟ್ಟಿದ ಜನ, ನಮ್ಮ ಮೇಷ್ಟ್ರು ಬಂದು ‘ವೀರಮಾತೆ’ ಅಂದಮೇಲೆ ಹೌದೌದು ಅಂದರು. ಬಾವುಟ ಹಾರಿಸಲು ಅವಳನ್ನೇ ಕರೆದರು. ಪದ್ಯವೂ ಅಂಥದ್ದೇ, ಸ್ವಾತಂತ್ರ್ಯ ಬರುವುದಕ್ಕೂ ಮುಂಚಿನದು, ಹಳಗನ್ನಡ ಸಂಸ್ಕೃತ ಎಲ್ಲ ಬೆರೆತದ್ದು. ‘ತಾಯಿ’ ಬಂದಲ್ಲೆಲ್ಲ ದೊಡ್ಡವ್ವನತ್ತ ಕೈ ತೋರಿಸಬೇಕು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ತೋರಿಸಿದೆ. ಜೋರು ಚಪ್ಪಾಳೆ ಬಿತ್ತು. ಎಲ್ಲರಿಗೂ ಒಂದು ಹಿಡಿ ಬೂಂದಿ ಕೊಟ್ಟರೆ ನನಗೆ ಎರಡು ಹಿಡಿ.

ಮಧ್ಯಾಹ್ನ ದೊಡ್ಡವ್ವ ನಡುಮನೆಯಲ್ಲಿ ಅಟ್ಟದಿಂದ ಇಳಿಸಿದ ತೆಂಗಿನಕಾಯಿಗಳ ಮುಂದೆ ಕೂತಿದ್ದಳು. ವರ್ಷವಿಡೀ ಅಟ್ಟದಲ್ಲಿದ್ದು ಒಣಗಿದ ಕಾಯಿ. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುವಳು. ಗಡಗಡ ಅಂದರೆ ಕೊಬ್ಬರಿಯಾಗಿದೆ, ಒಳಗೆ ನೀರಾಡಿದರೆ ಮತ್ತೆ ಅಟ್ಟಕ್ಕೆ. ಮನೆಯೆಲ್ಲ ಹೊಗೆಯ, ಎಣ್ಣೆಯ ವಾಸನೆ.

“ಅದೇನೇ ನನ್ ಕಡೆ ಕೈ ತೋರ್ಸಿ ಹೇಳ್ತಿದ್ದೆ? ಒಂದಕ್ಸರ ತಿಳೀನಿಲ್ಲ.”

“ದೇಶದ ಪದ್ಯ, ದೊಡ್ಡವ್ವ.”

“ಅದ್ ಗೊತ್ತು ಬುಡು. ನಮ್ ಮಾತಲ್ಲಿ ಹೇಳು.”

ನನಗೂ ಗೊತ್ತಿರಲಿಲ್ಲ. ಪುಸ್ತಕ ತಂದು, ಕೊನೆಯಲ್ಲಿ ಕೊಟ್ಟಿದ್ದ ಪದಗಳ ಅರ್ಥ ನೋಡಿಕೊಂಡು ಒಂದೊಂದೇ ಸಾಲು ಬಿಡಿಸಿದೆ. ನದಿ, ಬೆಟ್ಟ ಎಲ್ಲ ಸಲೀಸಾಗಿ ದಾಟಿದೆವು. ಕೊನೆಯ ಸಾಲುಗಳು ನನ್ನ ಬಾಯಲ್ಲಿ ಹೀಗಾದವು:

“ಮಗ ಸತ್ತೋದ ಅಂತ ಬಂದ್ ಹೇಳ್ತಾರೆ. ಅವ್ವ ಅಳಾಕಿಲ್ಲ. ಇನ್ನೊಬ್ಬ ಮಗ ಇದ್ದಿದ್ರೆ ಅವನ್ನೂ ಕಳಿಸ್ತಿದ್ದೆ ಅಂತಾಳೆ.”

ಹೀಗೆ ಹೇಳಿ ಮುಗಿಸಿದ ಮೇಲೆಯೇ ಶಿವಣ್ಣ ಸತ್ತಿದ್ದಾನೆ ಅಂತ ನನಗೆ ಗೊತ್ತಾದದ್ದು. ಅಷ್ಟು ದಿನ ನನ್ನ ಪಾಲಿಗೆ ಅವನು ಎಲ್ಲೋ ಹೋಗಿದ್ದ, ಅಷ್ಟೇ.

ದೊಡ್ಡವ್ವ ಇನ್ನೆರಡು ಕಾಯಿ ಅಲ್ಲಾಡಿಸಿ ನೋಡಿದಳು.

“ನಾನಂಗೆ ಅಂದಿಲ್ಲ ಕಣೇ. ಇನ್ನೊಬ್ಬ ಇದ್ದಿದ್ರೆ ಬಚ್ಚಿಟ್ಕತಿದ್ದೆ.” ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, “ಅಳ್ನಿಲ್ಲ, ನಿಜ. ಅಳು ಬರ್ನಿಲ್ಲ. ಬತ್ತದೆ ಬತ್ತದೆ ಅಂತ ಕಾಯ್ತಾನೇ ಇವ್ನಿ. ಅದನ್ನ ಧೈರ್ಯ ಅಂದ್ಕಂಡವ್ರೆ ಜನ,” ಅಂದಳು.

“ನಂಗೂ ಬರ್ನಿಲ್ಲ,” ಅಂದೆ. ಅವಳು ಹೂಂ ಅಂದಳು. ಅದನ್ನು ನಾವು ಬೇರೆ ಯಾರಿಗೂ ಹೇಳಲಿಲ್ಲ.

ಈಗ ನಾನು ತಿಪಟೂರಿನಲ್ಲಿ ಕನ್ನಡ ಟೀಚರು. ಅಂಥ ಪದ್ಯಗಳ ಅರ್ಥ ಬಿಡಿಸುವುದೇ ನನ್ನ ಅನ್ನ. ಯಾವ ಪದ ಕೇಳಿದರೂ ಹೇಳಬಲ್ಲೆ. ಏನೂ ತಿಳಿಯದೆ ಊರೆಲ್ಲ ಕೇಳುವಂತೆ ಹೇಳುತ್ತಿದ್ದ ಆ ಗಂಟಲು ಮಾತ್ರ ಹೋಯಿತು. ಆ ಪದ್ಯದ ಕೊನೆಯ ಸಾಲು ಬಂದಾಗ ಯಾವುದಾದರೂ ಮಗುವಿಗೆ ಓದಲು ಹೇಳುತ್ತೇನೆ.

ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ತಲೆದೆಸೆಯಲ್ಲಿ ಕೂತೇ ಇದ್ದೆ, ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. “ಟೀಚರಮ್ಮ ಬಲು ಗಟ್ಟಿ ಬುಡಿ,” ಅಂದರು ಯಾರೋ. ಗಟ್ಟಿಯಲ್ಲ, ಬರುತ್ತಿಲ್ಲ ಅಂದರೆ ನಂಬುತ್ತಿದ್ದವಳು ಒಬ್ಬಳೇ. ಅವಳನ್ನು ಆಗಲೇ ಚಟ್ಟಕ್ಕೆ ಕಟ್ಟುತ್ತಿದ್ದರು.