ಹೆಲಿಕಾಪ್ಟರಿನಲ್ಲಿ ಒಂದು ದಿನದ ಚಿಕ್ಕಮ್ಮ

ಆ ಹುಡುಗಿ ಬಂದು, ‘ಆಂಟಿ, ಭಾನುವಾರ ಫ್ರೀ ಇದ್ದೀರಾ? ಹೆಲಿಕಾಪ್ಟರಲ್ಲಿ ಹೋಗ್ಬರೋಣ’ ಎಂದಾಗ ನಾನು ನಮ್ಮ ಪಿ.ಜಿ.ಯ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರನ್ನು ಅಲ್ಲಾಡಿಸಿ ನೋಡುತ್ತಿದ್ದೆ. ಮೊನ್ನೆ ಮೊನ್ನೆ ಬಂದ ಸಿಲಿಂಡರು ಇಷ್ಟು ಬೇಗ ಹಗುರಾಗಿದ್ದು ಹೇಗೆ ಎಂದು ಅಡುಗೆಯವಳ ಮೇಲೆ ನನಗೆ ಅನುಮಾನ. ಸಿಲಿಂಡರು ಬಿಟ್ಟು ಎದ್ದು ನಿಂತು ಹುಡುಗಿಯ ಮುಖ ನೋಡಿದೆ. ಅವಳು ಗೋಡೆಯ ಕಡೆ ನೋಡುತ್ತಿದ್ದಳು.

ನಾನು ಹುಟ್ಟಿದ್ದು ಬೇಗೂರಿನಲ್ಲಿ, ಸೇರಿದ್ದು ಬಿಳೇಕಹಳ್ಳಿಯ ಮನೆ. ಯಜಮಾನರ ಪಾಲಿಗೆ ಬಿಟಿಎಂ ಲೇಔಟಿನಲ್ಲಿ ಬಂದ ಸೈಟಿನ ಮೇಲೆ ಮೂರು ಮಹಡಿ ಕಟ್ಟಿ ಹೆಣ್ಣುಮಕ್ಕಳ ಪಿ.ಜಿ. ಮಾಡಿದ್ದೇವೆ. ಅದನ್ನು ನೋಡಿಕೊಳ್ಳುವವಳು ನಾನು. ಈ ಕೆಲಸಕ್ಕೆ ಕೂತ ಮೇಲೆ ಯಾರು ಏನೇ ಹೇಳಿದರೂ ಅದರ ಹಿಂದೆ ಇನ್ನೊಂದು ಇದೆ ಎಂದೇ ನನ್ನ ಲೆಕ್ಕ. ಅಣ್ಣ ಬರ್ತಾನೆ ಅಂದರೆ ಬರುವವನು ಅಣ್ಣನಲ್ಲ. ರೂಮಿನಿಂದ ಮ್ಯಾಗಿ ವಾಸನೆ ಬಂದರೆ ಮಂಚದ ಕೆಳಗೆ ಇಂಡಕ್ಷನ್ ಒಲೆ ಇರುತ್ತದೆ.

ಈ ಹುಡುಗಿ ಅರಸೀಕೆರೆ ಕಡೆಯವಳು. ಟೂರ್ ಕಂಪನಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಬುಕಿಂಗ್ ನೋಡುವ ಕೆಲಸ ಎಂದು ಸೇರುವಾಗ ಹೇಳಿದ್ದಳು. ಒಳ್ಳೆಯವಳೇ. ಆದರೆ ಆ ತಿಂಗಳಿಡೀ ಅವಳ ನಡೆ ನನಗೆ ಸರಿ ಕಾಣುತ್ತಿರಲಿಲ್ಲ. ಬೆಳಿಗ್ಗೆ ತಿಂಡಿ ಮುಟ್ಟುತ್ತಿರಲಿಲ್ಲ. ಫೋನ್ ಬಂದರೆ ಟೆರೇಸಿಗೆ ಓಡುತ್ತಿದ್ದಳು. ಊಟ ಬಿಡುವ ಹುಡುಗಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದೋ ಯಾರನ್ನೋ ಹಚ್ಚಿಕೊಂಡಿರುತ್ತಾರೆ, ಇಲ್ಲವೇ ಹೇಳದೆ ಕೇಳದೆ ರೂಮು ಬಿಡಲು ನೋಡುತ್ತಿರುತ್ತಾರೆ. ಇವಳದು ಯಾವುದು ಎಂದು ತಿಳಿದಿರಲಿಲ್ಲ. ಈಗ ಹೆಲಿಕಾಪ್ಟರ್ ಬೇರೆ.

‘ಯಾಕೆ ನನ್ನನ್ನ?’ ಎಂದೆ.

‘ನಮ್ಮ ಕಂಪನಿಯೋರು ಹೊಸ ಟ್ರಿಪ್ ಶುರು ಮಾಡಿದ್ದಾರೆ ಆಂಟಿ. ಬೆಳಿಗ್ಗೆ ಹೆಲಿಕಾಪ್ಟರಲ್ಲಿ ಬೆಟ್ಟಕ್ಕೆ ಹೋಗೋದು, ಟ್ರೆಕ್ಕಿಂಗ್, ಊಟ, ಸಾಯಂಕಾಲ ವಾಪಸ್. ಬುಕಿಂಗ್ ಕೆಲಸ ಬಿಟ್ಟು ಈಗ ನಾನೇ ಗೈಡ್. ಜೊತೇಲಿ ಒಬ್ರನ್ನ ಕರ್ಕೊಂಡು ಬರ್ಬೋದು. ದುಡ್ಡೇನೂ ಇಲ್ಲ.’

ಅವತ್ತು ಸಂಜೆ ಯಜಮಾನರಿಗೆ ಹೇಳಿದೆ. ಅವರು ಟಿ.ವಿ.ಯ ಸದ್ದು ಕಡಿಮೆ ಮಾಡಿ, ‘ಪುಕ್ಸಟ್ಟೆ ಆಕಾಶ ತೋರಿಸ್ತಾರಂತಾ? ಮೇಲಿಂದ ಸೈಟ್ ತೋರಿಸಿ ಮಾರಕ್ಕೆ ನೋಡ್ತಾರೆ, ಅಷ್ಟೇ. ಅಡ್ವಾನ್ಸ್ ಅಂತ ಬಾಯಿ ಬಿಟ್ರೆ ಎದ್ದು ಬಾ’ ಎಂದರು.

‘ಆಕಾಶದಿಂದ ಎಲ್ಲಿಗೆ ಎದ್ದು ಬರಲಿ?’ ಎಂದೆ.

ಹೋಗುವುದೆಂದು ತೀರ್ಮಾನ ಮಾಡಿದ್ದು ಆ ಹುಡುಗಿ ಏನು ಮುಚ್ಚಿಡುತ್ತಿದ್ದಾಳೆ ಎಂದು ಮನೆಯಲ್ಲೇ ಕೂತರೆ ತಿಳಿಯುವುದಿಲ್ಲವೆಂದು. ನಾನು ವಿಮಾನವನ್ನೂ ಹತ್ತಿದವಳಲ್ಲ ಎಂಬುದೂ ಒಂದು ಕಾರಣವಿರಬಹುದು.

ಭಾನುವಾರ ಬೆಳಕು ಹರಿಯುವ ಮುಂಚೆಯೇ ಕ್ಯಾಬ್ ಬಂತು. ಕಂಪನಿಯವರ ಊಟ ಹೇಗೋ ಏನೋ ಎಂದು ಚಪಾತಿ, ಚಟ್ನಿಪುಡಿ, ನೀರು, ಒಣಗಿಸಿದ ನೆಲ್ಲಿಕಾಯಿ ಎಲ್ಲ ಚೀಲಕ್ಕೆ ಹಾಕಿಕೊಂಡಿದ್ದೆ. ಊರಾಚೆ ಬೇಲಿ ಹಾಕಿದ ದೊಡ್ಡ ಬಯಲು. ನಡುವೆ ನಿಂತಿದ್ದ ಹೆಲಿಕಾಪ್ಟರ್ ನಾನು ಅಂದುಕೊಂಡಿದ್ದಕ್ಕಿಂತ ಬಹಳ ಚಿಕ್ಕದು, ನಮ್ಮ ಏರಿಯಾದ ಶಾಲೆ ವ್ಯಾನಿಗಿಂತಲೂ ಚಿಕ್ಕದು. ಇದರಲ್ಲಿ ನಾಲ್ಕೈದು ಜನ ಹೇಗೆ ಹಿಡಿಯುತ್ತಾರೆ ಎಂದು ಯೋಚಿಸುತ್ತಿರುವಾಗಲೇ ಕಂಪನಿಯ ಮ್ಯಾನೇಜರ್ ಕೈಮುಗಿದುಕೊಂಡು ಬಂದ.

‘ನಮಸ್ಕಾರ ಮೇಡಂ. ನೀವೇ ಅಲ್ವಾ ಇವರ ಚಿಕ್ಕಮ್ಮ?’

ನನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳು ನನ್ನ ಕಡೆ ನೋಡಿ ತಲೆ ತಗ್ಗಿಸಿದಳು.

‘ಹೂಂ, ನಾನೇ’ ಎಂದುಬಿಟ್ಟೆ.

ಯಾಕೆ ಹಾಗೆಂದೆನೋ. ನನ್ನ ಪಿ.ಜಿ.ಯ ಹುಡುಗಿಗೆ ನಾನು ಒಳಗೆ ಏನು ಬೇಕಾದರೂ ಬೈದೇನು, ಹೊರಗಿನವರ ಎದುರು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಆದರೆ ಒಳಗೆ ಕುದಿಯುತ್ತಿತ್ತು. ಏನೋ ಇದೆ ಅಂದುಕೊಂಡಿದ್ದೆನಲ್ಲ, ಇದೆ. ಇನ್ನೂ ಏನೇನು ಹೇಳಿಟ್ಟಿದ್ದಾಳೋ.

ಎಲ್ಲರನ್ನೂ ಒಬ್ಬೊಬ್ಬರಾಗಿ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ತೂಕ ನೋಡಿ ಯಾರು ಎಲ್ಲಿ ಕೂರಬೇಕು ಎಂದು ಪೈಲಟ್ ಹೇಳಿದ. ನಮ್ಮ ಜೊತೆ ದುಡ್ಡು ಕೊಟ್ಟು ಬಂದವರು ಜಯನಗರದ ಗಂಡ ಹೆಂಡತಿ. ಗಂಡ ರಿಟೈರ್ ಆದವರು, ಮದುವೆಯ ವಾರ್ಷಿಕೋತ್ಸವವೆಂದು ಮಕ್ಕಳು ಬುಕ್ ಮಾಡಿದ್ದರಂತೆ. ಹೆಂಡತಿಗೆ ಮಾತು ಹೆಚ್ಚು. ಹತ್ತುವ ಮುಂಚೆಯೇ ಶುರುವಾಯಿತು.

‘ನಿಮ್ಮಕ್ಕನ ಮಗಳಾ? ಚೆನ್ನಾಗಿದ್ದಾಳೆ. ಯಾವೂರು ನಿಮ್ದು?’

‘ಅರಸೀಕೆರೆ ಕಡೆ’ ಎಂದಳು ಹುಡುಗಿ, ನಾನು ಬಾಯಿ ಬಿಡುವ ಮೊದಲೇ.

‘ಅಯ್ಯೋ, ನನ್ನ ತವರುಮನೆ ಅರಸೀಕೆರೇನೇ! ಯಾವ ಬೀದಿ ನಿಮ್ದು?’ ಎಂದು ನನ್ನ ಕಡೆ ತಿರುಗಿದರು.

‘ನಾನು ಸಣ್ಣೋಳಿದ್ದಾಗಲೇ ಬೇಗೂರಿಗೆ ಕರ್ಕೊಂಡು ಬಂದ್ಬಿಟ್ರು. ಅಜ್ಜಿ ಮನೇಲಿ ಬೆಳೆದೋಳು. ಅಲ್ಲಿನ ಬೀದಿ ಎಲ್ಲ ಮರ್ತೇ ಹೋಗಿದೆ’ ಎಂದೆ. ಎಂಥ ಸುಳ್ಳು! ಅದೂ ಎಷ್ಟು ಸಲೀಸಾಗಿ ಬಂತು. ಆಕೆ ‘ಓಹೋ’ ಎಂದರು. ಆ ‘ಓಹೋ’ ಪೂರ್ತಿ ನಂಬಿದವರ ‘ಓಹೋ’ ಅಲ್ಲ. ಅದು ನನಗೆ ಗೊತ್ತಾಗುತ್ತದೆ.

ಕಿವಿಗೆ ಹೆಡ್‌ಫೋನ್ ಹಾಕಿದರು. ನೆಲ ಕೆಳಗೆ ಜಾರಿತು. ತೋಟ, ಲೇಔಟು, ನೀರಿನ ಟ್ಯಾಂಕುಗಳು ಕೆಳಗೆ ಹರಡಿಕೊಂಡವು. ಚೆಂದವೇ ಇತ್ತು. ಆದರೆ ನನ್ನ ಗಮನವೆಲ್ಲ ಪಕ್ಕದಲ್ಲಿದ್ದ ಹುಡುಗಿಯ ಮೇಲೆ. ಅವಳು ಕಣ್ಣು ಮುಚ್ಚಿಕೊಂಡು ಸೀಟಿನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಗೈಡ್ ಅಂದವಳು, ಹೀಗೆ ಕಣ್ಣು ಮುಚ್ಚಿಕೊಂಡರೆ? ಕೈ ಮುಟ್ಟಿದೆ. ಫ್ರಿಜ್ಜಿನಿಂದ ತೆಗೆದ ಹಾಗಿತ್ತು.

ಬೆಟ್ಟಗಳು ಶುರುವಾಗುತ್ತಿದ್ದಂತೆ ಹೆಲಿಕಾಪ್ಟರ್ ಒಂದು ಸಲ ಕುಲುಕಿತು. ಹುಡುಗಿ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಆ ನೋಟ ನಾಲ್ಕು ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಓಡಾಡಿದ ನನಗೆ ಗೊತ್ತಿಲ್ಲದ್ದೇನಲ್ಲ. ಚೀಲದಿಂದ ಚಪಾತಿ ಡಬ್ಬಿ ತೆಗೆದು ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಕವರನ್ನು ಅವಳ ಕೈಗಿಟ್ಟೆ. ಜಯನಗರದಾಕೆ ಇತ್ತ ತಿರುಗುವುದರಲ್ಲಿದ್ದರು. ನಾನು ಅವರ ಭುಜ ತಟ್ಟಿ ಅವರ ಪಕ್ಕದ ಕಿಟಕಿಯ ಕಡೆ ಕೈ ತೋರಿಸಿ, ‘ಅಲ್ನೋಡಿ, ಅಲ್ನೋಡಿ!’ ಎಂದೆ. ಗಂಡ ಹೆಂಡತಿ ಇಬ್ಬರೂ ಅತ್ತ ಬಗ್ಗಿದರು. ಅಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಇತ್ತ ಕೆಲಸ ಮುಗಿದಿತ್ತು. ಕವರಿನ ಬಾಯಿ ಕಟ್ಟಿ ಕಾಲ ಕೆಳಗಿಟ್ಟು, ಅವಳ ಬಾಯಿಗೆ ನೆಲ್ಲಿಕಾಯಿ ಹಾಕಿದೆ.

ಹೆಲಿಕಾಪ್ಟರ್ ಇಳಿದದ್ದು ಬೆಟ್ಟದ ಮೈಮೇಲೆ ಸಮತಟ್ಟು ಮಾಡಿದ ಜಾಗದಲ್ಲಿ. ಅಲ್ಲಿಂದ ತುದಿಗೆ ಹುಲ್ಲಿನ ನಡುವೆ ಕಾಲುದಾರಿ. ನೆಲಕ್ಕೆ ಕಾಲಿಟ್ಟು ನೀರು ಕುಡಿದದ್ದೇ ತಡ, ಹುಡುಗಿ ಬೇರೆಯೇ ಆದಳು. ‘ಸಾರ್, ಆ ಕಲ್ಲಿನ ಮೇಲೆ ಬೇಡ, ಜಾರುತ್ತೆ. ಮೇಡಂ, ನಿಧಾನಕ್ಕೆ ಬನ್ನಿ, ಅರ್ಜೆಂಟೇನಿಲ್ಲ’ ಎನ್ನುತ್ತ ಮುಂದೆ ನಡೆದಳು. ದನಿಯೇ ಬದಲಾಗಿತ್ತು. ನನಗೆ ಅದೂ ಅನುಮಾನ. ಇಷ್ಟು ಹೊತ್ತು ಸತ್ತಂತಿದ್ದವಳು ಇದೇನು ಹೀಗೆ!

ತುದಿಯಲ್ಲಿ ಆ ದಂಪತಿ ಫೋಟೊ ತೆಗೆದುಕೊಳ್ಳುತ್ತಿದ್ದಾಗ ಅವಳನ್ನು ಒಂದು ಬಂಡೆಯ ಮರೆಗೆ ಕರೆದೆ.

‘ಈಗ ಹೇಳು. ನಾನು ಯಾವತ್ತು ನಿಮ್ಮಮ್ಮನ ತಂಗಿ ಆದೆ?’

ಅವಳು ಕಾಲಿನಿಂದ ಹುಲ್ಲು ಕೆದಕಿದಳು. ‘ಸಾರಿ ಆಂಟಿ. ಮೊದಲಿದ್ದ ಗೈಡ್ ಮನೆಯೋರು ಬಂದು ಗಲಾಟೆ ಮಾಡಿ ಕೆಲಸ ಬಿಡಿಸ್ಕೊಂಡು ಹೋದ್ರಂತೆ. ಅದಕ್ಕೆ ಮನೆಯಿಂದ ದೊಡ್ಡೋರು ಒಬ್ರು ಬಂದು ನೋಡಿ ಒಪ್ಪಿದ್ರೇನೇ ಕೆಲಸ ಗ್ಯಾರಂಟಿ ಅಂದ್ರು.’

‘ನಿಮ್ಮಮ್ಮನ್ನೇ ಕರೀಬೇಕಿತ್ತು.’

‘ಅಮ್ಮಂಗೆ ನಾನು ಆಫೀಸಲ್ಲಿ ಕೂತಿರ್ತೀನಿ ಅಂತಲೇ ಗೊತ್ತಿರೋದು. ಬಸ್ಸಲ್ಲಿ ಕಿಟಕಿ ಪಕ್ಕ ಕೂರಕ್ಕೂ ಬಿಡಲ್ಲ ಅವಳು. ಹೆಲಿಕಾಪ್ಟರ್ ಅಂದ್ರೆ ಅವತ್ತೇ ಬಂದು ಎಳ್ಕೊಂಡು ಹೋಗ್ತಾಳೆ.’

‘ನೀನೇ ಹೆದರ್ತೀಯಲ್ಲೇ! ಒಂದು ತಿಂಗಳಿಂದ ಊಟ ಬಿಟ್ಟಿದ್ದು ಇದಕ್ಕೇನಾ?’

‘ಹಾರೋದು ಅಂದ್ರೆ ಭಯ ಆಂಟಿ. ಬೆಟ್ಟ ನಡೆಯೋದು ಅಂದ್ರೆ ಪ್ರಾಣ. ಎರಡೂ ಒಂದೇ ಕೆಲಸದಲ್ಲಿ ಸೇರ್ಕೊಂಡಿದೆ, ಏನ್ ಮಾಡ್ಲಿ?’

ಅವಳು ಹೇಳಿದ್ದು ಸರಿಹೊಂದುತ್ತಿತ್ತು. ಆದರೂ ಎಲ್ಲ ಸರಿಹೊಂದಿದಾಗಲೇ ನನಗೆ ಇನ್ನಷ್ಟು ಅನುಮಾನ. ‘ಆಯ್ತು, ನಡಿ. ಮನೆಗೆ ಹೋಗಿ ಮಾತಾಡೋಣ’ ಎಂದೆ.

ಊಟ ಮುಗಿಸಿ ಹೆಲಿಕಾಪ್ಟರಿನ ಹತ್ತಿರ ಬರುವಷ್ಟರಲ್ಲಿ ಮೋಡ ಇಳಿಯತೊಡಗಿತ್ತು. ಪೈಲಟ್ ಫೋನಿನಲ್ಲಿ ಯಾರ ಹತ್ತಿರವೋ ಮಾತಾಡುತ್ತ ಅತ್ತಿತ್ತ ಓಡಾಡುತ್ತಿದ್ದ. ಸ್ವಲ್ಪ ಹೊತ್ತು ಕಾದೆವು. ಹುಡುಗಿ ಅವನ ಜೊತೆ ಪಿಸುಮಾತಿನಲ್ಲಿ ಏನೋ ಮಾತಾಡಿ ಬಂದು, ‘ಇವತ್ತು ಹಾರಕ್ಕಾಗಲ್ಲ. ಆ ಕಡೆಯಿಂದ ಇಳಿದ್ರೆ ರಸ್ತೆ ಸಿಗುತ್ತೆ. ಜೀಪ್ ಬರುತ್ತೆ. ಬೆಳಕಿರುವಾಗಲೇ ಹೊರಡೋಣ’ ಎಂದಳು.

ಜಯನಗರದಾಕೆಯ ಗಂಡನಿಗೆ ರೇಗಿತು. ‘ಏನಮ್ಮಾ ಇದು? ನಡೆಸ್ಕೊಂಡು ಹೋಗಕ್ಕಾ ನಮ್ಮನ್ನ ಕರ್ಕೊಂಡು ಬಂದಿದ್ದು? ಇನ್ನೊಂದು ಅರ್ಧ ಗಂಟೆ ನೋಡಿದ್ರೆ ಏನು ಗಂಟು ಹೋಗುತ್ತೆ?’

ಅವರು ಕೂಗಿದ್ದಕ್ಕಿಂತ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಕೆಟ್ಟದಿತ್ತು. ಹಾರಲು ಹೆದರುವವಳು ಇವಳು. ಹಾರುವುದು ಬೇಡ ಎನ್ನುತ್ತಿರುವವಳೂ ಇವಳೇ. ಅವಳ ಮೊಣಕೈ ಹಿಡಿದು ಪಕ್ಕಕ್ಕೆಳೆದೆ.

‘ನಿಜ ಹೇಳು. ಮೋಡಾನಾ, ನಿನ್ನ ಭಯಾನಾ?’

ಆ ತಿಂಗಳಲ್ಲಿ ಮೊದಲ ಸಲ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಸಿಟ್ಟು ಬಂದಿತ್ತು ಅವಳಿಗೆ. ‘ಭಯಕ್ಕೆ ಬಿಡೋ ಹಾಗಿದ್ರೆ ಬೆಳಿಗ್ಗೆ ಹತ್ತುತ್ಲೇ ಇರ್ಲಿಲ್ಲ ಆಂಟಿ’ ಎಂದು ಕೈ ಬಿಡಿಸಿಕೊಂಡಳು.

ನಾನು ಅಷ್ಟಕ್ಕೇ ಬಿಡುವವಳಲ್ಲ. ನೇರ ಪೈಲಟ್ ಹತ್ತಿರ ಹೋಗಿ, ‘ಏನಪ್ಪಾ, ನಿಜವಾಗ್ಲೂ ಹಾರಕ್ಕಾಗಲ್ವಾ? ಈ ಹುಡುಗಿ ಹೇಳಿದ್ಲು ಅಂತ ನೀನೂ ಹೇಳ್ತಿದ್ದೀಯಾ?’ ಎಂದೆ.

ಅವನು ನನ್ನ ಬೆನ್ನ ಹಿಂದೆ ಕೈ ತೋರಿಸಿದ. ‘ಅಮ್ಮಾ, ಆಗ ಹತ್ತಿ ಬಂದ್ರಲ್ಲ ಬೆಟ್ಟ, ನನಗಂತೂ ಕಾಣ್ತಿಲ್ಲ. ನಿಮಗೆ ಕಾಣುತ್ತಾ?’

ತಿರುಗಿದೆ. ಬೆಟ್ಟ ಇರಲಿಲ್ಲ. ಸುಣ್ಣ ಬಳಿದ ಗೋಡೆ ಎದ್ದು ನಿಂತ ಹಾಗಿತ್ತು.

ಹೆಲಿಕಾಪ್ಟರನ್ನೂ ಪೈಲಟ್ಟನ್ನೂ ಅಲ್ಲೇ ಬಿಟ್ಟು ಇಳಿಯತೊಡಗಿದೆವು. ಕಡಿದಾದ ದಾರಿ, ಒದ್ದೆ ಮಣ್ಣು. ಒಂದು ಕಡೆ ಜಯನಗರದಾಕೆ ಕೂತೇಬಿಟ್ಟರು, ‘ನನ್ನ ಕೈಲಾಗಲ್ಲ’ ಎಂದು ಅತ್ತರು. ಹುಡುಗಿ ಅವರ ಪಕ್ಕ ಕೂತಳು. ಅವಸರ ಮಾಡಲಿಲ್ಲ. ‘ಪಾದ ಅಡ್ಡ ಇಡಿ ಮೇಡಂ, ಹೀಗೆ. ನನ್ನ ಭುಜ ಹಿಡ್ಕೊಳಿ. ಕೆಳಗೆ ನೋಡ್ಬೇಡಿ, ನನ್ನ ಶೂ ನೋಡಿ’ ಎನ್ನುತ್ತ ಒಂದೊಂದೇ ಹೆಜ್ಜೆ ಇಳಿಸಿದಳು. ಬೆಳಿಗ್ಗೆ ಕವರಿನಲ್ಲಿ ಮುಖವಿಟ್ಟಿದ್ದವಳು ಇವಳೇ ಎಂದರೆ ಯಾರೂ ನಂಬುತ್ತಿರಲಿಲ್ಲ. ಕಡೆಗೆ ಆಕೆಯ ಗಂಡನೂ ಬಾಯಿ ಮುಚ್ಚಿಕೊಂಡು ಅವಳ ಹಿಂದೆಯೇ ಕಾಲಿಟ್ಟರು. ರಸ್ತೆಗೆ ಬಂದರೆ ಹೇಳಿದ ಹಾಗೆ ಜೀಪ್ ನಿಂತಿತ್ತು.

ಮಾರನೆಯ ದಿನ ಮ್ಯಾನೇಜರ್ ನನಗೇ ಫೋನ್ ಮಾಡಿದ. ‘ಮೇಡಂ, ನೀವು ಒಪ್ಪಿದಂಗೇ ತಾನೇ?’

‘ಅವಳಮ್ಮನ್ನ ಕೇಳಿ ಹೇಳ್ತೀನಿ’ ಎಂದು ಇಟ್ಟೆ. ಹುಡುಗಿಯನ್ನು ಕರೆದು, ‘ಒಂದು ವಾರದೊಳಗೆ ನಿಮ್ಮಮ್ಮಂಗೆ ನೀನೇ ಹೇಳು. ಇಲ್ದಿದ್ರೆ ನಾನು ಹೇಳ್ತೀನಿ’ ಎಂದೆ. ಅವಳು ಬಾಗಿಲು ಬಡಿದುಕೊಂಡು ಮೇಲೆ ಹೋದಳು. ಆ ವಾರ ಅವಳು ನನ್ನ ಜೊತೆ ಮಾತಾಡಲಿಲ್ಲ. ಗೇಟಿನಲ್ಲಿ ದೊಡ್ಡ ಬ್ಯಾಗು ಕಂಡಾಗಲೆಲ್ಲ ಅವಳದೇ ಇರಬೇಕು, ರೂಮು ಬಿಟ್ಟು ಹೋಗುತ್ತಿದ್ದಾಳೆ ಎಂದು ನಾನು ಹೊರಗೆ ಬಂದು ನೋಡುತ್ತಿದ್ದೆ.

ಹೋಗಲಿಲ್ಲ. ಅಮ್ಮನಿಗೆ ತಾನೇ ಹೇಳಿದ್ದಳು. ವಾರದ ಕೊನೆಗೆ ಬೆಳಿಗ್ಗೆಯ ರೈಲಿಗೆ ಅವಳಮ್ಮ ಬಂದರು. ನನ್ನಷ್ಟೇ ವಯಸ್ಸಿನ, ಸಣ್ಣ ಮೈಕಟ್ಟಿನ ಹೆಂಗಸು. ಚಪ್ಪಲಿ ಬಿಡುತ್ತಲೇ ನನ್ನನ್ನು ಮೇಲಿಂದ ಕೆಳಗೆ ಅಳೆದು, ‘ನನ್ನ ತಂಗಿ ಅಂತ ಹೇಳ್ಕೊಂಡು ಹೋಗಿದ್ದು ನೀವೇನಾ?’ ಎಂದರು.

‘ನಾನೇ. ಒಳಗೆ ಬನ್ನಿ’ ಎಂದೆ.

ಅವರು ಕೂರಲಿಲ್ಲ. ಅಡುಗೆಮನೆಗೆ ಹೋಗಿ ಸಾಂಬಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಮಗಳ ರೂಮಿನ ಚಿಲಕ ಹಾಕಿ ತೆಗೆದು ನೋಡಿದರು. ಟೆರೇಸಿನ ಬಾಗಿಲಿಗೆ ಬೀಗ ಇದೆಯೇ ಎಂದು ಕೇಳಿದರು. ನನಗೆ ಮೊದಲು ಕೋಪ ಬಂತು, ಆಮೇಲೆ ಒಂಥರಾ ಸಮಾಧಾನವೂ ಆಯಿತು.

‘ಗಾಳೀಲಿದ್ದಾಗ ಇವಳು ಅತ್ಲಾ?’ ಎಂದರು.

‘ಅಳ್ಲಿಲ್ಲ. ವಾಂತಿ ಮಾಡ್ಕೊಂಡ್ಲು. ಆಮೇಲೆ ನಮ್ಮನ್ನೆಲ್ಲ ಬೆಟ್ಟದಿಂದ ಇಳಿಸಿದ್ಲು’ ಎಂದೆ. ಹುಡುಗಿ ನನ್ನನ್ನು ಗುರಾಯಿಸಿದಳು.

ತಾಯಿ ಮಗಳು ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಮಧ್ಯಾಹ್ನದವರೆಗೂ ಜಗಳವಾಡಿದರು. ಕೆಳಗಿನವರೆಗೂ ಕೇಳಿಸುತ್ತಿತ್ತು. ಸಂಜೆಗೆ ಒಂದು ತೀರ್ಮಾನವಾಯಿತು: ನಡೆಯಬಹುದು, ಹಾರುವ ಹಾಗಿಲ್ಲ. ಹುಡುಗಿಯೇ ಕಂಪನಿಗೆ ಹೋಗಿ ಚಿಕ್ಕಮ್ಮನ ವಿಷಯ ಒಪ್ಪಿಕೊಂಡಳಂತೆ. ಮ್ಯಾನೇಜರ್ ಚೆನ್ನಾಗಿ ಬೈದನಂತೆ. ಆದರೆ ಅಷ್ಟರಲ್ಲಿ ಆ ಜಯನಗರದಾಕೆ ಫೋನ್ ಮಾಡಿ ಇವಳನ್ನು ಹೊಗಳಿದ್ದರಂತೆ. ಹೆಲಿಕಾಪ್ಟರ್ ಟ್ರಿಪ್ಪಿನಿಂದ ತೆಗೆದು, ಬಸ್ಸಿನಲ್ಲಿ ಕರೆದುಕೊಂಡು ಹೋಗುವ ಬೆಟ್ಟದ ಟ್ರಿಪ್ಪುಗಳಿಗೆ ಹಾಕಿದರು. ಅವಳೀಗ ಬೆಳಿಗ್ಗೆ ಮೂರು ದೋಸೆ ತಿನ್ನುತ್ತಾಳೆ.

ಪ್ರತಿ ಭಾನುವಾರ ಸಂಜೆ ಅವಳಮ್ಮ ಅರಸೀಕೆರೆಯಿಂದ ಫೋನ್ ಮಾಡುತ್ತಾರೆ. ಮೊದಲು ಮಗಳಿಗೆ ಮಾಡಿ ಎಲ್ಲಿದ್ದೀಯ, ಎಷ್ಟು ಹೊತ್ತಿಗೆ ಬಂದೆ ಎಂದು ಕೇಳುತ್ತಾರೆ. ಆಮೇಲೆ ನನಗೆ ಮಾಡಿ ಅದನ್ನೇ ಕೇಳುತ್ತಾರೆ. ಇಬ್ಬರ ಮಾತೂ ತಾಳೆಯಾದರೆ ಇಡುತ್ತಾರೆ.